ಕಾಫಿ ತೊಟ್ಟಿಗೆ ಸುರಿದ ಬಿಸಿನೀರು

ಬೋರ್ಡಿನ ಮೇಲೆ ಒಂದು ಗುಡ್ಡ ಬರೆದಿದ್ದೆ. ಎಡಗಡೆ ತಪ್ಪಲು, ನಡುವೆ ಏರು, ಬಲಗಡೆ ಎಡಕ್ಕಿಂತಲೂ ಕೆಳಗೆ ಹೋಗುವ ಇಳಿಜಾರು. ವಿರಾಜಪೇಟೆಯಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟ ಅಷ್ಟೂ ವರ್ಷ ಎಳೆದ ಗೆರೆ ಅದು, ಕಣ್ಣು ಮುಚ್ಚಿಕೊಂಡರೂ ಕೈಗೆ ಬರುತ್ತದೆ. ಆದರೆ ಈಗ ನಾನು ಶನಿವಾರಗಳಲ್ಲಿ ಹೋಗಿ ಕೂರುವ ಗಾಳಿಬೀಡಿನ ಕಡೆಯ ಆ ಸಣ್ಣ ಶಾಲೆಯಲ್ಲಿ ಒಂದು ವಿಚಿತ್ರವಿದೆ. ಹತ್ತು ಗಂಟೆಯ ಮೇಲೆ ಮಂಜು ಸರಿದಾಗ, ಬೋರ್ಡಿನ ಪಕ್ಕದ ಕಿಟಕಿಯಲ್ಲಿ ಎದುರಿನ ಬೆಟ್ಟ ಸರಿಯಾಗಿ ನನ್ನ ಗೆರೆಯಂತೆಯೇ ಕಾಣುತ್ತದೆ. ಚಾಕ್‌ಪೀಸು ಕಿಟಕಿಯಾಚೆಗೂ ಜಾರಿಕೊಂಡು ಹೋಗಿ ಅಲ್ಲಿ ಹಸಿರಾಯಿತೇನೋ ಅನ್ನಿಸುತ್ತದೆ. ಒಮ್ಮೊಮ್ಮೆ ಮಕ್ಕಳ ಕಡೆ ತಿರುಗುವುದನ್ನೇ ಮರೆತು ಅದನ್ನೇ ನೋಡುತ್ತಾ ನಿಂತುಬಿಡುತ್ತೇನೆ.

"ಮಿಸ್, ಮಲ್ಕೊಂಡ್ರಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳುತ್ತಾರೆ. ನಿಂತೇ ಮಲಗುವ ವಯಸ್ಸು ನನ್ನದು, ತಪ್ಪೇನಿಲ್ಲ.

ಆ ಶನಿವಾರದ ಪಾಠ ಆಕ್ಟಿವೇಶನ್ ಎನರ್ಜಿ. ಸಂಕ್ರಾಂತಿಗೆ ಇನ್ನೂ ಒಂದು ವಾರವಿತ್ತು, ಚಳಿ ಬಿಟ್ಟಿರಲಿಲ್ಲ. ಎಂಟು, ಒಂಬತ್ತನೇ ಕ್ಲಾಸಿನ ಹದಿನಾಲ್ಕು ಮಕ್ಕಳು ಸ್ವೆಟರಿನ ತೋಳೊಳಗೆ ಕೈ ಎಳೆದುಕೊಂಡು ಕೂತಿದ್ದರು. ಇದು ಅವರ ಸಿಲೆಬಸ್ಸಿನಲ್ಲಿ ಇಲ್ಲ. ಇಲ್ಲದ್ದನ್ನು ಹೇಳಿಕೊಡುವುದೇ ರಿಟೈರ್ ಆದವರ ಸುಖ.

ಡೆಸ್ಕಿನ ಮೇಲೆ ಕೈ ತಟ್ಟಿ ಕೇಳಿದೆ: "ಇದು ಮರ. ಸುತ್ತಲೂ ಗಾಳಿ, ಗಾಳಿಯಲ್ಲಿ ಆಕ್ಸಿಜನ್. ಮರಕ್ಕೂ ಆಕ್ಸಿಜನ್ನಿಗೂ ಸೇರಿ ಉರಿದುಬಿಡೋಣ ಅಂತ ಆಸೆ ಇದೆ. ಇಷ್ಟು ವರ್ಷದಿಂದ ಪಕ್ಕಪಕ್ಕದಲ್ಲೇ ಇದಾವೆ. ಮತ್ತೆ ಯಾಕೆ ಡೆಸ್ಕು ಉರೀತಿಲ್ಲ?"

"ಹೆಡ್‌ಮಾಸ್ಟ್ರು ಬೈತಾರೆ ಅಂತ, ಮಿಸ್."

ನಕ್ಕು ಮುಗಿದ ಮೇಲೆ ಬೆಂಕಿಪೆಟ್ಟಿಗೆ ತೆಗೆದೆ. ಮೊದಲ ಕಡ್ಡಿ ಮಂಜಿನ ತೇವಕ್ಕೆ ಮೆತ್ತಗಾಗಿತ್ತು, ತಲೆ ಉದುರಿತು. ಎರಡನೆಯದು ಹೊಗೆಯಾಡಿ ಸುಮ್ಮನಾಯಿತು. "ಅದ್ಕೂ ಶನಿವಾರ ರಜೆ ಬೇಕಂತೆ ಮಿಸ್," ಅಂದಿತು ಅದೇ ಹಿಂದಿನ ಬೆಂಚು. ಮೂರನೆಯದು ಹತ್ತಿತು. ಆ ಪುಟ್ಟ ಬೆಳಕಿನಲ್ಲಿ ಹದಿನಾಲ್ಕು ಮುಖಗಳೂ ಒಂದೇ ಮುಖವಾದವು.

"ನೋಡಿ, ಇಷ್ಟು ಹೊತ್ತು ಕಡ್ಡಿ ಪೆಟ್ಟಿಗೆಯಲ್ಲೇ ಇತ್ತು. ಉಜ್ಜುವ ತನಕ ಏನೂ ಆಗಲಿಲ್ಲ. ಉಜ್ಜಿದ್ದು ಒಂದು ಸಲ. ಆಮೇಲೆ ಅದರಷ್ಟಕ್ಕೆ ಅದೇ ಉರೀತು, ನಾನು ಉಜ್ಜುತ್ತಾ ಕೂರಲಿಲ್ಲ. ಆ ಮೊದಲ ಉಜ್ಜು ಇದೆಯಲ್ಲ, ಅದು ಈ ಗುಡ್ಡ."

ಕಣಗಳು ಒಂದಕ್ಕೊಂದು ಬಡಿಯುತ್ತಲೇ ಇರುತ್ತವೆ, ಬಡಿದ ಮಾತ್ರಕ್ಕೆ ಕ್ರಿಯೆ ನಡೆಯುವುದಿಲ್ಲ ಎಂದು ಹೇಳಲು ವಿರಾಜಪೇಟೆಯ ಬಸ್‌ಸ್ಟ್ಯಾಂಡನ್ನು ಕರೆದುತಂದೆ. ಸಂಜೆ ಹೊತ್ತು ಕೇರಳದ ಬಸ್ಸು ಬಂದಾಗ ಅಲ್ಲಿ ಎಷ್ಟು ಜನ ಎಷ್ಟು ಜನಕ್ಕೆ ತಾಗುತ್ತಾರೆ! ಎಲ್ಲ ತಾಗಾಟಕ್ಕೂ ಜಗಳವಾಗುತ್ತದೆಯೇ? ಸಾಕಷ್ಟು ಜೋರಾಗಿ ಗುದ್ದಿದರೆ ಮಾತ್ರ. ಬಿಸಿ ಮಾಡುವುದೆಂದರೆ ಎಲ್ಲರನ್ನೂ ಓಡಿಸಿದ ಹಾಗೆ. ಓಡುವವರು ಜೋರಾಗಿ ಗುದ್ದುತ್ತಾರೆ, ಹೆಚ್ಚು ಜನ ಗುಡ್ಡ ದಾಟುತ್ತಾರೆ.

"ನಮ್ಮ ಮಾವನ ಜೀಪೂ ಹಂಗೇ ಮಿಸ್. ಆ ದಿಣ್ಣೆವರ್ಗೂ ನಾವು ತಳ್ಳಬೇಕು. ಆಮೇಲೆ ಅದೇ ಹೋಯ್ತದೆ. ಮಾವ ನಮ್ಮನ್ನ ಬಿಟ್ಟು ಹೋಯ್ತಾನೆ."

ಇದಕ್ಕೆ ಒಳ್ಳೆಯ ಕನ್ನಡ ಹೆಸರು ಏನೆಂದು ಕೇಳಿದಾಗ ಎರಡನೇ ಬೆಂಚಿನ ಕಿಟಕಿ ಪಕ್ಕದ ಹುಡುಗಿ ಮೆಲ್ಲಗೆ "ಏರು" ಅಂದಳು. ಅವಳು ಒಂಬತ್ತನೇ ಕ್ಲಾಸು, ಮಾತು ಕಡಿಮೆ. ಅವಳ ಅಪ್ಪ ಮೇಲಿನ ಎಸ್ಟೇಟಿನ ಪಲ್ಪರ್ ಮನೆ ನೋಡಿಕೊಳ್ಳುವವನು. ಕಿತ್ತ ಹಣ್ಣಿನ ಸಿಪ್ಪೆ ತೆಗೆಸಿ, ಬೀಜವನ್ನು ತೊಟ್ಟಿಯಲ್ಲಿ ಹುದುಗಿಸಿ ತೊಳೆಸುವವರೆಗಿನ ಕೆಲಸ ಅವನದು. ಹಾಸನದ ಕಡೆಯಿಂದ ಅವನ ಹಿರಿಯರು ಕುಶಾಲನಗರದ ಹತ್ತಿರ ಬಂದು ನೆಲೆಸಿದವರು, ಇವನು ಅಲ್ಲಿಂದ ಬೆಟ್ಟ ಹತ್ತಿ ಬಂದವನು. ಅವಳ ಆ ಒಂದು ಪದ ನನಗೆ ಎಷ್ಟು ಹಿಡಿಸಿತೆಂದರೆ ಬೋರ್ಡಿನ ಗುಡ್ಡದ ಮೇಲೆ ದೊಡ್ಡದಾಗಿ ಬರೆದೆ.

ಅವಳೇ ಮತ್ತೆ ಕೇಳಿದಳು: "ಮಿಸ್, ಬಿಸಿ ಮಾಡಿದ್ರೆ ಎಲ್ಲಾ ಬೇಗ ಆಗುತ್ತಾ?"

"ಆಲ್‌ಮೋಸ್ಟ್ ಎಲ್ಲಾ," ಎಂದೆ.

ಇದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ "ಆಲ್‌ಮೋಸ್ಟ್" ಬೇಕೆಂದೇ ಹೇಳಿದ್ದು. ಬೆಟ್ಟವನ್ನೇ ತಗ್ಗಿಸುವ ಕ್ರಿಯಾವರ್ಧಕಗಳ ಕಥೆಯನ್ನು ಮುಂದಿನ ಶನಿವಾರಕ್ಕೆಂದು ಬಚ್ಚಿಟ್ಟಿದ್ದೆ. ಟೀಚರಾಗಿದ್ದಷ್ಟು ಕಾಲವೂ ನನ್ನ ಅಭ್ಯಾಸ ಅದೇ, ಸಿಹಿಯಾದ ಅರ್ಧವನ್ನು ಮುಂದಿನ ಕ್ಲಾಸಿಗೆ ಉಳಿಸಿಕೊಳ್ಳುವುದು. ಮಕ್ಕಳು ಆಸೆಯಿಂದ ವಾಪಸ್ ಬರಲಿ ಅಂತ. ನನಗೆ ಕೆಮಿಸ್ಟ್ರಿ ಕಲಿಸಿದ ಕಾನ್ವೆಂಟಿನ ಸಿಸ್ಟರ್ ಕೂಡ ಹಾಗೇ ಮಾಡುತ್ತಿದ್ದರು. ಬೆಲ್ ಹೊಡೆಯುವ ಹೊತ್ತಿಗೆ ಸರಿಯಾಗಿ ಟೆಸ್ಟ್‌ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದು, "ವೆಲ್, ಗರ್ಲ್ಸ್" ಎಂದು ನಕ್ಕು ಒಳಗಿಡುತ್ತಿದ್ದರು. ಆ ನಗುವಿಗಾಗಿ ನಾವು ಇಡೀ ವಾರ ಕಾಯುತ್ತಿದ್ದೆವು.

ಸೋಮವಾರ ಶಾಲೆ ಬಿಟ್ಟ ಮೇಲೆ ಆ ಹುಡುಗಿ ನನ್ನ ಬಾಗಿಲಿಗೆ ಬಂದಳು. ಶಾಲೆಯ ಪಕ್ಕದಲ್ಲೇ ಎರಡು ಕೋಣೆಯ ಬಾಡಿಗೆ ಮನೆ ನನ್ನದು. ಅವಳು ಒಳಗೆ ಬರಲಿಲ್ಲ. ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಳು.

"ಮಿಸ್, ಇನ್ನು ಶನಿವಾರ ಬರಲ್ಲ. ಅಪ್ಪಾಜಿ ಬೇಡ ಅಂದ್ರು."

"ಯಾಕೆ?"

ಅವಳು ಹೇಳಿದ್ದನ್ನು ಅವಳು ಹೇಳಿದ ಕ್ರಮದಲ್ಲೇ ಬರೆದರೆ ಯಾರಿಗೂ ಅರ್ಥವಾಗದು, ಅಷ್ಟು ಬಿಕ್ಕುತ್ತಿದ್ದಳು. ವಿಷಯ ಇಷ್ಟು. ಭಾನುವಾರ ಕುಶಾಲನಗರದಲ್ಲಿ ಅವಳ ಅತ್ತೆಯ ಮಗುವಿಗೆ ಹೆಸರಿಡುವುದಿತ್ತು. ಅಪ್ಪ ಕರೆದುಕೊಂಡು ಹೋಗುತ್ತೇನೆ ಎಂದಿದ್ದ. ಆದರೆ ಶುಕ್ರವಾರ ಸಂಜೆ ಸಿಪ್ಪೆ ತೆಗೆಸಿ ತೊಟ್ಟಿಗೆ ಹಾಕಿದ ಕಾಫಿ ಚಳಿಗೆ ಹುದುಗೇ ಬಂದಿರಲಿಲ್ಲ. ಸಿಪ್ಪೆ ಹೋದ ಬೀಜದ ಮೇಲೆ ಒಂದು ಲೋಳೆ ಅಂಟಿಕೊಂಡಿರುತ್ತದೆ. ತೊಟ್ಟಿಯಲ್ಲಿ ಒಂದೂವರೆ ದಿನ ಗೋಣಿತಾಟು ಹೊದ್ದು ಮಲಗಿದರೆ ಅದು ತಾನಾಗಿ ಕರಗುತ್ತದೆ, ಆಮೇಲೆ ತೊಳೆಯಬೇಕು. ಬೇಗ ತೊಳೆದರೆ ಲೋಳೆ ಉಳಿಯುತ್ತದೆ, ತಡವಾದರೆ ಹುಳಿ ವಾಸನೆ ಬೀಜದೊಳಗೆ ಇಳಿಯುತ್ತದೆ. ಶನಿವಾರ ಮಧ್ಯಾಹ್ನ ಅಪ್ಪ ತೊಟ್ಟಿಗೆ ಕೈಹಾಕಿ ನೋಡಿ, "ನಾಳೆ ಸಂಜೆಗಂಟ ಆಗಲ್ಲ ಮಗ, ಇನ್ನೊಂದ್ಸಲ ಹೋಗಾಣ," ಎಂದಿದ್ದ.

ಅವಳು ನನ್ನ ಪಾಠ ಕೇಳಿ ಬಂದು ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ.

ಅಪ್ಪ ಹಣ್ಣು ತರಲು ತೋಟದ ಕೆಳಗಿನ ಬ್ಲಾಕಿಗೆ ಇಳಿದಾಗ, ಸ್ನಾನದ ಹಂಡೆಯಿಂದ ಕುದಿಯುವ ನೀರು ಹೊತ್ತು ತೊಟ್ಟಿಗೆ ಸುರಿದಳು. ಐದು ಬಕೆಟ್. ಮತ್ತೆ ಗೋಣಿತಾಟು ಹೊದಿಸಿದಳು. ಬೆಟ್ಟ ದಾಟಿಸುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದಳಂತೆ.

ಭಾನುವಾರ ನೋಡಿದರೆ ಒಂದು ಮೂಲೆಯ ಲೋಳೆ ಬೀಜಕ್ಕೆ ಇನ್ನೂ ಗಟ್ಟಿಯಾಗಿ ಹಿಡಿದಿತ್ತು. ಅದಕ್ಕೆಂದು ಕಾದು ಕೂತರೆ, ಉಳಿದದ್ದೆಲ್ಲ ಹುಳಿ ಬಂದು ಪಲ್ಪರ್ ಮನೆಯಿಂದ ಕೊಳೆತ ಈರುಳ್ಳಿಯ ವಾಸನೆ ಹೊರಟಿತು. ಎಸ್ಟೇಟಿನ ಒಡತಿ ಬಂದು ನೋಡಿದಳು. ತಾನು ಬಿಸಿನೀರು ಹಾಕಿದ್ದನ್ನು ಮಗಳು ಅಷ್ಟು ಹೊತ್ತಿಗೆ ಅಪ್ಪನಿಗೆ ಹೇಳಿದ್ದಳು. ಆದರೆ ಅವನು ಒಡತಿಗೆ, "ನಾನೇ ಮರ್ತು ಮಲಗಿಬಿಟ್ಟೆ ಅಮ್ಮಾ," ಎಂದ. ಮುಂದಿನ ತೊಟ್ಟಿಯಿಂದ ಬೇರೆಯವನು ನೋಡಿಕೊಳ್ಳಲಿ, ನೀನು ಹಣ್ಣು ಕೀಳುವ ಪಿಕಿಂಗ್‌ಗೆ ಹೋಗು ಎಂದಳಂತೆ ಒಡತಿ. ಹದಿನೈದು ವರ್ಷ ತೊಟ್ಟಿ ನೋಡಿದವನಿಗೆ. ಮನೆಗೆ ಬಂದು ಅವನು ಮಗಳಿಗೆ ಬೈಯಲಿಲ್ಲ. "ಶನಿವಾರದ ಸೈನ್ಸು ಸಾಕು ಮಗ" ಎಂದಷ್ಟೇ ಹೇಳಿದನಂತೆ.

ಇಷ್ಟು ಹೇಳಿ ಅವಳು ಮೂಗು ಒರೆಸಿಕೊಂಡಳು. ಅಪ್ಪನ ಪರವಾಗಿ ಮಾತಾಡಿ ಎಂದು ಕೇಳಲು ಬಂದಿದ್ದಾಳೆ ಅಂದುಕೊಂಡೆ. ಅವಳು ಕೇಳಿದ್ದು ಬೇರೆ.

"ಮಿಸ್, ನಾನು ಎಲ್ಲಿ ತಪ್ಪಿದೆ? ನೀರು ಕಮ್ಮಿ ಆಯ್ತಾ?"

ಬಹಳ ದಿನಗಳ ಮೇಲೆ ಒಂದು ನಿಜವಾದ ಪ್ರಶ್ನೆ ನನ್ನ ಬಾಗಿಲಿಗೆ ಬಂದು ನಿಂತಿತ್ತು, ಅದರ ಉತ್ತರ ನಾನು ಬಚ್ಚಿಟ್ಟ ಅರ್ಧದಲ್ಲಿತ್ತು. "ನೀನು ತಪ್ಪಲಿಲ್ಲ," ಎಂದೆ. "ನಾನು ಪೂರ್ತಿ ಹೇಳಿರಲಿಲ್ಲ. ನಾಳೆ ನಾನೇ ಎಸ್ಟೇಟಿಗೆ ಬಂದು..."

ನಾಳೆ. ಆ ಪದ ಬಾಯಿಂದ ಬಿದ್ದ ಕೂಡಲೇ ನನಗೇ ಕೇಳಿಸಿತು. ಅದೇ ದನಿ, ಅದೇ ಹಗುರ. ಆ ಎಸ್ಟೇಟಿನ ವಿಷಯದಲ್ಲಿ ಆ ಪದವನ್ನು ನಾನು ಹೇಳುತ್ತಿದ್ದುದು ಅದೇ ಮೊದಲಲ್ಲ.

ಮೇಲಿನ ಎಸ್ಟೇಟಿನ ಒಡತಿ ನನ್ನ ಬೆಂಚ್‌ಮೇಟ್. ಅದನ್ನು ಗಾಳಿಬೀಡಿನಲ್ಲಿ ಯಾರಿಗೂ ನಾನು ಹೇಳಿರಲಿಲ್ಲ, ಅವಳೂ ಹೇಳಿರಲಿಕ್ಕಿಲ್ಲ. ನನ್ನೂರು ಶನಿವಾರಸಂತೆಯ ಕಡೆ, ಅಪ್ಪನದು ಜವಳಿ ಅಂಗಡಿ. ಎಂಟನೇ ವಯಸ್ಸಿಗೆ ನನ್ನನ್ನು ತಂದು ಮಡಿಕೇರಿಯ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಬಿಟ್ಟರು. ಮೊದಲ ವಾರ ಊಟದ ಮನೆಯಲ್ಲಿ ಫೋರ್ಕ್ ಹಿಡಿಯಲು ಬಾರದೆ ಅಳುತ್ತಿದ್ದಾಗ, ಪಕ್ಕದಲ್ಲಿ ಕೂತ ಕೊಡವರ ಹುಡುಗಿ ತನ್ನ ಫೋರ್ಕನ್ನೂ ಮೇಜಿನ ಕೆಳಗೆ ಬೀಳಿಸಿ ನನ್ನಂತೆ ಕೈಯಲ್ಲೇ ತಿಂದಳು. ಇಬ್ಬರಿಗೂ ಪನಿಷ್‌ಮೆಂಟ್ ಸಿಕ್ಕಿತು. ಅಲ್ಲಿಂದ ಪಿಯುಸಿಯವರೆಗೆ ಒಂದೇ ಬೆಂಚು. ಈಗ ನೆನಪು ಮಾಡಿಕೊಂಡರೆ ಆ ಉದ್ದನೆಯ ಕಾರಿಡಾರ್, ಮೇಣ ಉಜ್ಜಿದ ನೆಲ, ಲ್ಯಾಬಿನ ಕೊಳೆತ ಮೊಟ್ಟೆಯ ವಾಸನೆ, ಕಿಟಕಿಯಲ್ಲಿ ಒಳಗೆ ನುಗ್ಗುವ ಮಂಜು ಎಲ್ಲವೂ ಒಂದರೊಳಗೊಂದು ಸೇರಿಕೊಂಡು, ಅವಳ ಎರಡು ಜಡೆ ಮಾತ್ರ ಸ್ಪಷ್ಟವಾಗಿ ಮುಂದೆ ಮುಂದೆ ಹೋಗುತ್ತಿರುತ್ತವೆ. ಕೆಮಿಸ್ಟ್ರಿಯಲ್ಲಿ ಅವಳು ನನಗಿಂತ ಜಾಣೆ. ನಾನು ಉರು ಹೊಡೆಯುತ್ತಿದ್ದೆ, ಅವಳು "ಅದು ಯಾಕೆ ಹಾಗೆ?" ಎಂದು ಕೇಳುತ್ತಿದ್ದಳು.

ಪಿಯುಸಿಯ ನಡುವೆಯೇ ಅವಳಿಗೆ ಮದುವೆಯಾಯಿತು. ಮರುವರ್ಷ ಈ ಎಸ್ಟೇಟಿನಿಂದ ನನಗೊಂದು ಪತ್ರ ಬಂತು. ಮನೆಯವರು ಒಪ್ಪಿದ್ದಾರೆ, ಉಳಿದ ಪರೀಕ್ಷೆ ಕಟ್ಟಿ ಮುಗಿಸುತ್ತೇನೆ, ನಿನ್ನ ಕೆಮಿಸ್ಟ್ರಿ ನೋಟ್ಸ್ ಕಳಿಸು, ಪ್ಲೀಸ್, ಬೇಗ.

ನಾನು ನೋಟ್‌ಬುಕ್ಕುಗಳನ್ನು ಬ್ರೌನ್ ಪೇಪರಿನಲ್ಲಿ ಸುತ್ತಿದೆ. ದಾರ ಕಟ್ಟಿದೆ. ಟ್ರಂಕಿನ ಮೇಲೆ ಇಟ್ಟೆ. ಹಾಸ್ಟೆಲಿನಿಂದ ಪೋಸ್ಟಾಫೀಸಿಗೆ ಮೂವತ್ತು ಮೆಟ್ಟಿಲು ಇಳಿಯಬೇಕಿತ್ತು. ಅಷ್ಟೇ. ಸಿಟ್ಟಿರಲಿಲ್ಲ, ಹೊಟ್ಟೆಕಿಚ್ಚಿರಲಿಲ್ಲ, ಇದ್ದಿದ್ದರೆ ಅದಕ್ಕೊಂದು ಗೌರವವಾದರೂ ಇರುತ್ತಿತ್ತು. ನಾಳೆ ಹೋದರಾಯಿತು ಎಂದುಕೊಂಡೆ. ಮಳೆ ಬಂತು, ಟೆಸ್ಟ್ ಬಂತು, ಜ್ವರ ಬಂತು. ಒಂದು ದಿನ ಪರೀಕ್ಷೆಯೂ ಬಂದು ಹೋಯಿತು. ಆಮೇಲೆ ಆ ಕಟ್ಟನ್ನು ನೋಡುವುದಕ್ಕೇ ನಾಚಿಕೆಯಾಗಿ ಟ್ರಂಕಿನ ಒಳಗೆ ಹಾಕಿದೆ. ಅವಳು ಮತ್ತೆ ಬರೆಯಲಿಲ್ಲ. ಮದುವೆ ಮನೆಗಳಲ್ಲಿ, ಮಡಿಕೇರಿಯ ಮಾರ್ಕೆಟ್ಟಿನಲ್ಲಿ ಎದುರಾದಾಗ ಇಬ್ಬರೂ ತಲೆ ಆಡಿಸುತ್ತಿದ್ದೆವು. ಐವತ್ತು ವರ್ಷಕ್ಕೂ ಮೀರಿ ಹಾಗೆ ತಲೆ ಆಡಿಸಿದ್ದೇವೆ. ರಿಟೈರ್ ಆದ ಮೇಲೆ ಗಾಳಿಬೀಡಿಗೇ ಯಾಕೆ ಹೋಗುತ್ತೀಯ ಎಂದವರಿಗೆ ಹವೆ ಚೆನ್ನಾಗಿದೆ ಎಂದು ಹೇಳಿದ್ದೆ. ಬಂದು ಮೂರು ವರ್ಷವಾಗಿತ್ತು. ಆ ಗೇಟು ಇಲ್ಲಿಂದ ಒಂದೂವರೆ ಮೈಲಿ.

"ಬ್ಯಾಗ್ ಹಾಕ್ಕೋ," ಎಂದೆ ಹುಡುಗಿಗೆ. "ಈಗಲೇ ಹೋಗೋಣ."

"ಈಗ್ಲಾ? ಅಮ್ಮೋರು ಬೈತಾರೆ ಮಿಸ್."

"ಬೈಯಲಿ. ನನ್ನ ಶಾಲು ಕೊಡು."

ದಾರಿ ಪೂರ್ತಿ ಏರು. ಇಳಿಬಿಸಿಲು ಸಿಲ್ವರ್ ಓಕ್ ಮರಗಳ ಸಂದಿಯಿಂದ ಬಂದು ರಸ್ತೆಯ ಮೇಲೆ ಉದ್ದುದ್ದ ಬಿದ್ದಿತ್ತು. ಎರಡು ಸಲ ನಿಂತು ಉಸಿರು ತೆಗೆದುಕೊಂಡೆ. ನಿಂತಾಗಲೆಲ್ಲ ಹುಡುಗಿಯೂ ನಿಂತು, ನೋಡದವಳಂತೆ ಬೇಲಿಯ ಕಡೆ ತಿರುಗುತ್ತಿದ್ದಳು. ಪಿಕಿಂಗ್ ಮುಗಿಸಿದ ಹೆಂಗಸರು ಕೂಲಿಯವರ ಲೈನ್ ಮನೆಗಳ ಕಡೆ ಇಳಿದು ಬರುತ್ತಾ, "ಎಂತ ಟೀಚರಮ್ಮ, ಈ ಕಡೆ?" ಎಂದರು. ಎಂತ ಎಂದು ನನಗೂ ಗೊತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಒಂದು ಕ್ಷಣ, ನಾನು ಬ್ರೌನ್ ಪೇಪರಿನ ಕಟ್ಟು ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದೇನೆ, ಕೆಳಗೆ ಪೋಸ್ಟಾಫೀಸು ಇನ್ನೂ ತೆರೆದಿದೆ ಅನ್ನಿಸಿತು. ಕೈ ನೋಡಿಕೊಂಡರೆ ಶಾಲಿನ ತುದಿ.

ಪಲ್ಪರ್ ಮನೆಯ ಅಂಗಳದಲ್ಲಿ ಒಡತಿ ನಿಂತಿದ್ದಳು. ಗಂಡುಮಕ್ಕಳ ಸ್ವೆಟರ್, ಕಾಲಿಗೆ ಗಮ್‌ಬೂಟು, ತಲೆ ಪೂರ್ತಿ ಬೆಳ್ಳಗೆ. ಹುಡುಗಿಯ ಅಪ್ಪ ಒಣಹಾಕಿದ ಕಾಫಿಗೆ ಟಾರ್ಪಾಲ್ ಎಳೆಯುತ್ತಿದ್ದ. ಆಚೆ ಮೂಲೆಯಲ್ಲಿ ಹುಳಿ ಬಂದ ಕಾಫಿಯನ್ನು ಬೇರೆಯಾಗಿ ಹರವಿದ್ದರು. ಅದರ ವಾಸನೆ ಗೇಟಿನವರೆಗೂ ಬಂದು ನಮ್ಮನ್ನು ಎದುರುಗೊಂಡಿತ್ತು.

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಓ. ಯುವರ್ ಹೈನೆಸ್. ಎಂತ, ನೋಟ್ಸ್ ತಂದ್ಯಾ?"

ಐವತ್ತು ವರ್ಷದ ಮೇಲೆ ಮೊದಲ ಮಾತು ಅದು. ನಾನು ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಚೆಲ್ಲಿಹೋದವು.

"ನಿನ್ನ ತೊಟ್ಟಿ ಕೆಟ್ಟದ್ದು ಇವನಿಂದ ಅಲ್ಲ," ಎಂದೆ. "ಇವನು ಮಲಗಲಿಲ್ಲ. ಮಗು ಬಿಸಿನೀರು ಹಾಕಿದೆ. ಹಾಕೋ ಹಾಗೆ ಪಾಠ ಹೇಳಿದ್ದು ನಾನು. ಅರ್ಧ ಹೇಳಿ ಬಿಟ್ಟಿದ್ದೆ."

ಟಾರ್ಪಾಲ್ ಅವನ ಕೈಯಿಂದ ಜಾರಿತು. "ಅಯ್ಯೋ, ಇಲ್ಲ ಅಮ್ಮಾ, ಮಗೀಗೆ ಏನ್ ಗೊತ್ತಾಯ್ತದೆ... ನಂದೇ..."

"ನೀನು ಸುಮ್ನಿರು," ಅವಳು ಅವನ ಕಡೆ ತಿರುಗಿದಳು. ದನಿ ತಣ್ಣಗಿತ್ತು. "ನಿನ್ನೆ ನನ್ನ ಮುಖ ನೋಡಿ ಸುಳ್ಳು ಹೇಳ್ದೆಯಾ?"

ಅವನು ತಲೆ ತಗ್ಗಿಸಿದ. ಈಗ ಕೆಲಸವೇ ಹೋಯಿತು ಎಂದುಕೊಂಡೆ. ನಾನು ಬಂದು ಕೆಟ್ಟದ್ದನ್ನು ಇನ್ನಷ್ಟು ಕೆಡಿಸಿದೆ. ಹುಡುಗಿ ನನ್ನ ಶಾಲಿನ ತುದಿ ಹಿಡಿದುಕೊಂಡಿದ್ದಳು.

"ಬಾ ಇಲ್ಲಿ," ಅವಳು ಹುಡುಗಿಯನ್ನು ಕರೆದಳು. "ಎಷ್ಟು ಹಾಕ್ದೆ?"

"ಐದು ಬಕೆಟ್, ಅಮ್ಮಾ."

"ಕುದಿಯೋದಾ, ಬಿಸಿಯಾ?"

"ಕುದಿಯೋದು."

"ಯಾವ ಕಡೆ ನಿಂತು ಹಾಕ್ದೆ?"

"ಬಾಗ್ಲು ಕಡೆ. ಆ ಮೂಲೆಗೆ."

ಒಡತಿಯ ಮುಖದಲ್ಲಿ ನಾನು ಹದಿನಾರನೇ ವಯಸ್ಸಿನಲ್ಲಿ ಕಂಡಿದ್ದ ಏನೋ ಒಂದು ಮೇಲೆದ್ದು ಬಂತು. "ಅದಕ್ಕೇ!" ಎಂದಳು, ಕೈ ತಟ್ಟಿ. "ಆ ಮೂಲೆ ಮಾತ್ರ ಯಾಕೆ ಲೋಳೆ ಬಿಡ್ಲಿಲ್ಲ ಅಂತ ನಿನ್ನೆಯಿಂದ ತಲೆ ಕೆಡಿಸ್ಕೊಂಡಿದ್ದೀನಿ ಮಾರಾಯ್ತಿ! ಮಲಗಿದ್ರೆ ಪೂರ್ತಿ ಹುಳಿ ಬರ್ಬೇಕು, ಅರ್ಧ ಹಸಿ ಅರ್ಧ ಹುಳಿ ಹೆಂಗೆ ಬರುತ್ತೆ? ಬೆಂದುಹೋಗಿದೆ ಅದು. ಆ ಮೂಲೆಯಲ್ಲಿ ಇದ್ದದ್ದೆಲ್ಲ ಸತ್ತುಹೋಗಿದೆ."

"ಏನು ಸತ್ತೋಯ್ತು?" ಹುಡುಗಿ ಕೇಳಿದಳು. ಹೆದರಿಕೆ ಮರೆತೇ ಹೋಗಿತ್ತು.

ಒಡತಿ ನನ್ನ ಕಡೆ ನೋಡಿದಳು. "ಕೇಳ್ತಿದ್ದಾಳೆ. ಹೇಳು. ಆ ಇನ್ನರ್ಧ ಎಲ್ಲಿಟ್ಟಿದ್ದೀಯೋ ತೆಗಿ. ಇಲ್ಲೇ ಹೇಳು."

ಒಳಗೆ ಎರಡನೇ ತೊಟ್ಟಿಯಲ್ಲಿ ಶನಿವಾರ ಸಂಜೆಯ ಕಾಫಿ ಗೋಣಿತಾಟಿನ ಕೆಳಗೆ ಹುದುಗುತ್ತಿತ್ತು. ಬೆಚ್ಚಗಿನ, ಸ್ವಲ್ಪ ಹೆಂಡದಂಥ ವಾಸನೆ. ನಾನು ತೊಟ್ಟಿಯ ಕಟ್ಟೆ ಹಿಡಿದು ನಿಂತೆ. ಬೋರ್ಡ್ ಇರಲಿಲ್ಲ, ಚಾಕ್‌ಪೀಸಿರಲಿಲ್ಲ. ಒದ್ದೆ ಸಿಮೆಂಟಿನ ಮೇಲೆ ಬೆರಳಿನಲ್ಲಿ ಗುಡ್ಡ ಬರೆದೆ.

"ಏರು ದಾಟೋಕೆ ಎರಡು ದಾರಿ," ಎಂದೆ. "ಒಂದು, ಬಿಸಿ ಕೊಟ್ಟು ಎಲ್ಲರನ್ನೂ ಓಡಿಸೋದು. ಅದನ್ನ ನಾನು ನಿನಗೆ ಹೇಳಿದೆ. ಇನ್ನೊಂದು, ಬೆಟ್ಟದ ನಡುವೆ ಒಂದು ತಗ್ಗು ದಾರಿ ಹುಡುಕಿ ಕೊಡೋದು. ದಾರಿ ತೋರಿಸೋರು ಮೊದಲೂ ಹಾಗೇ ಇರ್ತಾರೆ, ಕೊನೆಗೂ ಹಾಗೇ ಇರ್ತಾರೆ, ಅವರೇನೂ ಸವೆಯೋದಿಲ್ಲ. ಅದು ಕ್ರಿಯಾವರ್ಧಕ. ಈ ತೊಟ್ಟಿಯಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ. ಅವು ಎನ್‌ಜೈಮ್ ಅಂತ ಒಂದನ್ನು ಬಿಡ್ತಾವೆ, ಕಾಫಿ ಹಣ್ಣಿನಲ್ಲೂ ಅದು ಸ್ವಲ್ಪ ಇರುತ್ತೆ. ಅದು ಲೋಳೆಗೆ ತಗ್ಗು ದಾರಿ ತೋರಿಸುತ್ತೆ. ಬೆಚ್ಚಗಿದ್ರೆ ಬೇಗ, ಚಳಿಯಿದ್ರೆ ನಿಧಾನ. ಅಲ್ಲಿಯವರೆಗೆ ನಿನ್ನ ಲೆಕ್ಕ ಸರಿ. ಆದ್ರೆ ಕುದಿಯೋ ನೀರು ಬಿದ್ರೆ ದಾರಿ ತೋರಿಸೋದೇ ಮುರಿದುಹೋಗುತ್ತೆ. ಆಮೇಲೆ ಬೆಟ್ಟ ಮತ್ತೆ ಪೂರ್ತಿ ಎತ್ತರ."

ಹುಡುಗಿ ಸಿಮೆಂಟಿನ ಮೇಲಿನ ಗುಡ್ಡವನ್ನೇ ನೋಡುತ್ತಿದ್ದಳು. ನಾನು ಹುಡುಗಿಗೆ ಹೇಳುತ್ತಿದ್ದೆ, ಆದರೆ ಒಡತಿಯೂ ಗಮ್‌ಬೂಟು ಒಂದರ ಮೇಲೊಂದಿಟ್ಟು, ಕೈ ಕಟ್ಟಿ, ತಲೆ ಸ್ವಲ್ಪ ವಾರೆ ಮಾಡಿಕೊಂಡು ಕೇಳುತ್ತಿದ್ದಳು. ಬೆಂಚಿನ ಮೇಲೆ ಕೂತು ಕೇಳುತ್ತಿದ್ದುದೂ ಹಾಗೆಯೇ.

"ಹಂಗಾದ್ರೆ ಅಪ್ಪಾಜಿ ಹಳೇ ತೊಟ್ಟಿ ನೀರು ಒಂದು ಚೊಂಬು ಇಟ್ಕೊಂಡು ಹೊಸಾದಕ್ಕೆ ಹಾಕೋದೂ ಅದಕ್ಕೇನಾ?" ಎಂದಳು ಹುಡುಗಿ.

ನನಗೆ ಅದು ಗೊತ್ತಿರಲಿಲ್ಲ. ಅಪ್ಪನ ಕಡೆ ನೋಡಿದೆ. ಅವನು ನಾಚಿಕೊಂಡ. "ಚಳೀಲಿ ಹಾಕ್ತೀವಿ. ಮೊಸರಿಗೆ ಹೆಪ್ಪು ಹಾಕ್ದಂಗೆ. ನಮ್ಗೇನು ಓದ್ ಗೊತ್ತಾ? ಕೈಗೆ ಬಂದದ್ದು."

"ಹೆಪ್ಪು ಅಲ್ದೆ ಮತ್ತೇನು," ಎಂದಳು ಒಡತಿ. "ಈ ಮಿಸ್‌ಗೆ ಅದನ್ನೂ ಬರ್ಕೊಳ್ಳೋಕೆ ಹೇಳು." ಆಮೇಲೆ, ಅವನ ಮುಖ ನೋಡದೆ, "ನಾಳೆ ಇದನ್ನ ತೊಳೆಯೋ ಹೊತ್ತಿಗೆ ನೀನು ಇಲ್ಲಿರ್ಬೇಕು. ಪಿಕಿಂಗು ಗಿಕಿಂಗು ಇಲ್ಲ. ಇನ್ನೊಂದ್ಸಲ ಸುಳ್ಳು ಹೇಳಿದ್ರೆ ಮಾತ್ರ ನಾನು ಮನುಷ್ಯಳಲ್ಲ."

"ಇಲ್ಲಮ್ಮಾ."

"ಇವಳನ್ನ ಶನಿವಾರ ಕಳ್ಸು. ಬಿಸಿನೀರು ಹಾಕಿದ್ದಕ್ಕಲ್ಲ, ಯಾವ ಮೂಲೆಗೆ ಹಾಕ್ದೆ ಅಂತ ನೆನಪಿಟ್ಕೊಂಡಿದ್ದಕ್ಕೆ. ಅಷ್ಟು ನೆನಪಿಟ್ಕೊಳ್ಳೋರು ಮನೇಲಿ ಕೂರಬಾರ್ದು."

ಅವನು ಮಗಳ ತಲೆಯ ಮೇಲೆ ಕೈಯಿಟ್ಟ. ಕಾಫಿಯ ಲೋಳೆ ಅವಳ ಬೈತಲೆಗೆಲ್ಲ ಅಂಟಿತು, ಅವಳು "ಅಪ್ಪಾಜೀ!" ಎಂದು ಚೀರಿದಳು. ಇಬ್ಬರೂ ಟಾರ್ಪಾಲ್ ಎಳೆಯಲು ಅಂಗಳಕ್ಕೆ ಹೋದರು.

ನಾವಿಬ್ಬರೇ ಉಳಿದೆವು. ಇನ್ನೂ ಬೆಳಕಿತ್ತು. ಹೊರಗೆ ಅಪ್ಪ ಮಗಳ ಮಾತು ಕೇಳುತ್ತಿತ್ತು, ಮುಂದಿನ ಭಾನುವಾರ ಮಗುವನ್ನು ನೋಡಲು ಹೋಗುವ ವಿಷಯ.

"ಆ ನೋಟ್ಸು," ಎಂದೆ. "ಕಟ್ಟಿಟ್ಟಿದ್ದೆ. ದಾರ ಕೂಡ ಕಟ್ಟಿದ್ದೆ."

"ಮತ್ತೆ?"

"ಪೋಸ್ಟಾಫೀಸಿಗೆ ಹೋಗಲಿಲ್ಲ."

"ಯಾಕೆ?"

"ಯಾಕೂ ಇಲ್ಲ. ನಾಳೆ ಹೋಗೋಣ ಅಂತ."

"ಅಷ್ಟೇನಾ?"

"ಅಷ್ಟೇ."

"ನಾನು ಏನೇನೋ ಅಂದ್ಕೊಂಡಿದ್ದೆ. ನಾನು ಓದೋದು ನಿನಗೆ ಬೇಡವಾಗಿತ್ತು ಅಂತ. ಮದುವೆ ದಿನ ನಿನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ, ಅದಕ್ಕೆ ಸಿಟ್ಟು ಅಂತ. ಒಂದೊಂದು ವರ್ಷ ಒಂದೊಂದು ಕಾರಣ." ಅವಳ ದನಿಯಲ್ಲಿ ಸಿಟ್ಟಿತ್ತೋ ನಗುವಿತ್ತೋ ನನಗೆ ತಿಳಿಯಲಿಲ್ಲ. "ಐವತ್ತು ವರ್ಷ ಒಂದು ಒಳ್ಳೇ ಕಾರಣ ಹುಡುಕ್ಕೊಟ್ಟಿದ್ದೆ ನಿನಗೆ. ನೀನು ನೋಡಿದ್ರೆ ಮೆಟ್ಟಿಲು ಇಳಿಯೋಕೆ ಸೋಮಾರಿತನ ಅಂತೀಯ."

"ಐ ಆಮ್ ಸಾರಿ" ಎಂದೆ. ಎಷ್ಟು ಸಣ್ಣ ಮಾತು. ಕನ್ನಡದಲ್ಲಿ ಹೇಳಿದ್ದರೆ ದೊಡ್ಡದಾಗುತ್ತಿತ್ತೇನೋ, ಬಾಯಿಗೆ ಬರಲಿಲ್ಲ.

ಅವಳು ತೊಟ್ಟಿಯ ಕಡೆ ತಿರುಗಿದಳು. ಗೋಡೆಗೆ ಒರಗಿಸಿದ್ದ ಒಂದು ಕೋಲು ತೆಗೆದುಕೊಂಡು, ಗೋಣಿತಾಟು ಸರಿಸಿ, ತೊಟ್ಟಿಯ ನಡುವೆ ನೆಟ್ಟಗೆ ಇಳಿಸಿದಳು. ಲೋಳೆ ಪೂರ್ತಿ ಬಿಟ್ಟಿದ್ದರೆ ಕೋಲು ತೆಗೆದ ಮೇಲೂ ಅದರ ತೂತು ಹಾಗೆಯೇ ನಿಲ್ಲುತ್ತದೆ, ಬೀಜಗಳು ಜಾರದೆ ಒಂದಕ್ಕೊಂದು ಹಿಡಿದು ನಿಲ್ಲುತ್ತವೆ. ಇಲ್ಲದಿದ್ದರೆ ಮುಚ್ಚಿಕೊಳ್ಳುತ್ತದೆ. ಮೆಲ್ಲಗೆ ಕೋಲು ಮೇಲೆತ್ತಿದಳು. ಇಬ್ಬರೂ ಬಗ್ಗಿ ನೋಡಿದೆವು, ಲ್ಯಾಬಿನಲ್ಲಿ ಒಂದೇ ಟೆಸ್ಟ್‌ಟ್ಯೂಬಿನ ಮೇಲೆ ಬಗ್ಗುತ್ತಿದ್ದಂತೆ, ತಲೆಗೆ ತಲೆ ತಾಗುವಷ್ಟು ಹತ್ತಿರ. ತೂತು ಒಂದು ಗಳಿಗೆ ನಿಂತಿತು. ಆಮೇಲೆ ಅಂಚಿನಿಂದ ಒಂದು ಬೀಜ ಜಾರಿತು, ಅದರ ಹಿಂದೆ ಇನ್ನೊಂದು, ನಿಧಾನವಾಗಿ ಮುಚ್ಚಿಕೊಂಡಿತು.

"ಇನ್ನೂ ಆಗಿಲ್ಲ," ಎಂದಳು. ಗೋಣಿತಾಟನ್ನು ಮತ್ತೆ ಎಳೆದು, ಅಂಚುಗಳನ್ನು ಒತ್ತಿ ಒತ್ತಿ ಹೊದಿಸಿದಳು. ಆಮೇಲೆ ಕಟ್ಟೆಯ ಒಂದು ತುದಿಯನ್ನು ಸ್ವೆಟರಿನ ತೋಳಿನಿಂದ ಒರೆಸಿ, ನನ್ನ ಕಡೆ ನೋಡದೆಯೇ ಹೇಳಿದಳು: "ಕೂತ್ಕೋ. ಕಾಫಿ ತರಿಸ್ತೀನಿ."